ಬತ್ತೇರಿ ಗುಡ್ಡದ ದೀಪ

ಸುಷ್ಮಾಗೆ ಬಂದದ್ದು ಸಣ್ಣ ಕೆಲಸ. ಶರಾವತಿ ಹಿನ್ನೀರಿನ ನಡುವೆ ಬತ್ತೇರಿ ಗುಡ್ಡ ಎಂಬ ನಡುಗಡ್ಡೆಯಿದೆ. ಅದರ ನೆತ್ತಿಯ ಮೇಲೆ ಹಳೆಯದೊಂದು ದೀಪದ ಗೋಪುರ. ಸೇತುವೆ ಆದ ಮೇಲೆ ಸಿಗಂದೂರಿಗೆ ಬರುವವರು ಹೆಚ್ಚಾಗಿ, ಅವರಲ್ಲಿ ಕೆಲವರು ದೋಣಿ ಮಾಡಿಕೊಂಡು ಅಲ್ಲಿಗೂ ಹೋಗತೊಡಗಿದ್ದರು. ಗೋಪುರವನ್ನು ದುರಸ್ತಿ ಮಾಡಿಸಲು ಒಂದು ಸಮಿತಿ ಆಗಿತ್ತು. ಅವರಿಗೆ ಕಟ್ಟಡದ ಅಳತೆಯ ನಕ್ಷೆ ಬೇಕಿತ್ತು, ಬಾಗಿಲ ಪಕ್ಕ ನಿಲ್ಲಿಸುವ ಫಲಕಕ್ಕೆ ನಾಲ್ಕು ಮಾತು ಇತಿಹಾಸವೂ ಬೇಕಿತ್ತು. ಸಾಗರದ ಪಾಲಿಟೆಕ್ನಿಕ್ ಒಂದರಲ್ಲಿ ಕಟ್ಟಡ ನಕ್ಷೆ ಕಲಿಸುವ ಸುಷ್ಮಾ, ದಸರೆ ರಜೆಯಲ್ಲಿ ಮುಗಿಸಿಕೊಡುತ್ತೇನೆ ಎಂದು ಒಪ್ಪಿಕೊಂಡಳು.

ಒಪ್ಪಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಅವಳ ಅಜ್ಜ ಬೆಳ್ಳಪ್ಪ ಆ ಗೋಪುರದಲ್ಲಿ ದೀಪ ಹಚ್ಚುತ್ತಿದ್ದವನು. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಅಜ್ಜ ಅವಳು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಅಪ್ಪನನ್ನು ಕೇಳಿದರೆ, "ಎಂತೋ ಸ್ವಲ್ಪ ದಿನ ಮಾಡಿದ್ರಂತೆ, ಆಮೇಲೆ ಬಿಟ್ರು" ಎಂದು ಮಾತು ಮುಗಿಸುತ್ತಿದ್ದ. ಅಜ್ಜಿ ಕೆರಿಯಮ್ಮ ಇವರ ಜೊತೆಗೇ ಸಾಗರದ ಮನೆಯಲ್ಲಿದ್ದಳು. ಮನೆಗೆ ಬಂದವರೆದುರು ದಿನವಿಡೀ ಮಾತಾಡುವ ಆ ಮುದುಕಿ ಗಂಡನ ದೀಪದ ಕೆಲಸದ ಬಗ್ಗೆ ಮಾತ್ರ ಒಂದು ದಿನವೂ ಬಾಯಿ ಬಿಟ್ಟದ್ದಿಲ್ಲ.

ಕೆಲಸ ಶುರುವಾಗುವ ಮೊದಲು ಸಮಿತಿಯ ಅಧ್ಯಕ್ಷ ಮುಕುಂದಯ್ಯನವರು ತೀರ್ಥಹಳ್ಳಿಯಿಂದ ಸಾಗರಕ್ಕೆ ಬಂದು ಅವಳನ್ನು ಹೋಟೆಲೊಂದಕ್ಕೆ ಕರೆಸಿಕೊಂಡು ಮಾತಾಡಿದರು. ಅವರ ಮೂಲ ಮನೆ ಹೊಸನಗರದ ಕಡೆ, ಹಿನ್ನೀರಿನ ಮೂಡಣ ದಡದಲ್ಲಿತ್ತು. ಗದ್ದೆಯೆಲ್ಲ ಮುಳುಗಿದ ಮೇಲೂ ಅವರ ತಂದೆ ಕೆಲವು ವರ್ಷ ದಡದಲ್ಲೇ ಮನೆ ಮಾಡಿಕೊಂಡಿದ್ದು, ಕೊನೆಗೆ ತೀರ್ಥಹಳ್ಳಿಗೆ ಹೋಗಿ ನೆಲೆ ನಿಂತರು. ಬಿಳಿ ಅಂಗಿಯ, ನಿಧಾನ ಮಾತಿನ ಹಿರಿಯರು.

"ನೋಡಮ್ಮ, ಬರೆಯೋದೆಂತ ಬಹಳ ಇಲ್ಲ. ನೀರು ಬಂದ ಮೇಲೆ ಎರಡೂ ದಡದವರಿಗೆ ದೋಣೀಲಿ ಓಡಾಡೋದಾತು. ಸಂಜೆ ದಾರಿ ತಪ್ಪೋರು. ಅದಕ್ಕೆ ನಮ್ಮ ಅಪ್ಪಯ್ಯ ಆ ಗುಡ್ಡದ ಮೇಲೆ ಲೈಟ್‌ಹೌಸ್ ಕಟ್ಟಿಸಿದ್ರು. ದಿನಾ ಬತ್ತಿ ಏರಿಸ್ತಿದ್ರಲ್ಲ, ಹಂಗಾಗಿ ಬತ್ತೇರಿ ಅಂತ ಹೆಸರು ಬಂತು."

ಸುಷ್ಮಾ ಅದನ್ನೇ ಬರೆದುಕೊಂಡಳು. ಸರಳವಾಗಿತ್ತು, ಚೆನ್ನಾಗಿಯೂ ಇತ್ತು.

ಮಾರನೆಯ ದಿನ ಹೊಳೆಬಾಗಿಲಿನಿಂದ ಮೋಟಾರು ದೋಣಿಯಲ್ಲಿ ಹೊರಟಳು. ದೋಣಿ ನಡೆಸುವವನು ದಿನೇಶ್ ಎಂಬ, ಮೂವತ್ತೈದರ ಆಸುಪಾಸಿನ ಗಂಡಸು. ಪಡುವಣ ದಡದ ಸಂಪಿಗೆಜಡ್ಡು ಅವನ ಊರು. ಆ ವರ್ಷ ಮಳೆ ಚೆನ್ನಾಗಿ ಹಿಡಿದು ಹಿನ್ನೀರು ತುಂಬಿ ನಿಂತಿತ್ತು. ಎಲ್ಲಿ ನೋಡಿದರೂ ಒಂದೇ ತರಹದ ಹಸಿರು ಗುಡ್ಡಗಳು ನೀರಿನಿಂದ ತಲೆಯೆತ್ತಿದ್ದವು. ಯಾವುದು ದಡ, ಯಾವುದು ನಡುಗಡ್ಡೆ ಎಂದು ಅವಳಿಗೆ ತಿಳಿಯಲಿಲ್ಲ.

"ಬತ್ತೇರಿ ಅಂತ ಯಾಕೆ ಹೆಸರು ಬಂತು ದಿನೇಶಣ್ಣ?" ಎಂದು ಕೇಳಿದಳು.

"ಬ್ಯಾಟ್ರಿ ದೀಪ ಇತ್ತಂತೆ ಮೇಡಂ, ಅದ್ಕೆ" ಎಂದ ಅವನು, ಸ್ವಲ್ಪವೂ ಅನುಮಾನವಿಲ್ಲದೆ.

ಗೋಪುರ ಹತ್ತಿರವಾದಂತೆ ಅವಳಿಗೆ ಮೊದಲ ಗೊಂದಲ ಶುರುವಾಯಿತು. ದೂರಕ್ಕೆ ಅದು ನಿಜಕ್ಕೂ ಲೈಟ್‌ಹೌಸೇ. ಸುಣ್ಣ ಬಳಿದ ಮೈ, ನಡುವಿಗೆ ಮಾಸಿದ ಕೆಂಪು ಪಟ್ಟೆ, ತುದಿಯಲ್ಲಿ ಗಾಜಿನ ಕಿಟಕಿಗಳ ಕೋಣೆ. ಹತ್ತಿರ ಹೋಗಿ ಸುಣ್ಣ ಕಿತ್ತುಹೋದ ಕಡೆ ಕೈಯಿಟ್ಟು ನೋಡಿದರೆ, ಒಳಗೆ ದಪ್ಪ ದಪ್ಪ ಜಂಬಿಟ್ಟಿಗೆ ಕಲ್ಲುಗಳು, ಗಾರೆಯಿಲ್ಲದೆ ಒಂದಕ್ಕೊಂದು ಕಚ್ಚಿಕೊಂಡು ಕೂತಿದ್ದವು. ಗೋಡೆ ಮೇಲೇರುತ್ತ ಒಳಕ್ಕೆ ವಾಲಿತ್ತು. ಬಾಗಿಲು ತಲೆ ತಗ್ಗಿಸಿ ನುಗ್ಗಬೇಕಾದಷ್ಟು ಗಿಡ್ಡ. ಗೋಡೆಯಲ್ಲಿ ಅಲ್ಲಲ್ಲಿ ಸೊಂಟದೆತ್ತರದಲ್ಲಿ ಹೊರಗೆ ಕಿರಿದಾಗಿ ಒಳಗೆ ಅಗಲವಾಗುವ ಸೀಳುಕಿಂಡಿಗಳು. ಅಂಥ ಕಿಂಡಿಗಳನ್ನು ಅವಳು ಹೊಸನಗರದ ಹತ್ತಿರದ ನಗರ ಎಂಬ ಊರಿನ ಕೋಟೆಯಲ್ಲಿ ನೋಡಿದ್ದಳು. ಬಂದೂಕಿನ ಮೂತಿ ಇಡಲು ಮಾಡುವಂಥವು.

ದೋಣಿಗೆ ದಾರಿ ತೋರಿಸುವ ಗೋಪುರಕ್ಕೆ ಬಂದೂಕಿನ ಕಿಂಡಿ ಏಕೆ?

ಒಳಗೆ ಹೋದರೆ ಮೆಟ್ಟಿಲೇ ಕಾಣಲಿಲ್ಲ. ಎರಡು ಸುತ್ತು ತಡಕಾಡಿದ ಮೇಲೆ, ಗೋಡೆಯ ದಪ್ಪದೊಳಗೇ ಒಬ್ಬರು ಮಾತ್ರ ನುಸುಳುವಷ್ಟು ದಾರಿ ಕೊರೆದು ಮೆಟ್ಟಿಲು ಮಾಡಿದ್ದಾರೆಂದು ತಿಳಿಯಿತು. ಅದು ಸುತ್ತಿಕೊಂಡು ಹೋಗಿ ಮೇಲಿನ ಕೋಣೆಯ ಒಂದು ಪಕ್ಕದಲ್ಲಿ ತೆರೆದುಕೊಳ್ಳುತ್ತಿತ್ತು. ಆ ಪಕ್ಕದ ಗೋಡೆ ಇಡಿಯಾಗಿ ಉಳಿದಿತ್ತು. ಮಿಕ್ಕ ಕಡೆಯೆಲ್ಲ ಹಳೆಯ ಕಿಂಡಿಗಳನ್ನು ಒಡೆದು ಅಗಲ ಮಾಡಿ ಸಾಗುವಾನಿ ಚೌಕಟ್ಟು, ಗಾಜು ಕೂರಿಸಿದ್ದರು. ಚಾವಣಿಯ ಕಮಾನಿನ ನಡುವೆ ಕಬ್ಬಿಣದ ಬಳೆಯೊಂದು ತೂಗುತ್ತಿತ್ತು. ಅದರ ಮೇಲಿನ ಕಲ್ಲು ಮಸಿ ಹಿಡಿದು ಕಪ್ಪಾಗಿತ್ತು. ಅಜ್ಜ ದೀಪ ನೇತುಹಾಕುತ್ತಿದ್ದದ್ದು ಅಲ್ಲೇ ಇರಬೇಕು ಎಂದುಕೊಂಡು ಅವಳು ಬಳೆಯನ್ನು ಮುಟ್ಟಿದಳು.

ಇಡಿಯಾಗಿ ಉಳಿದ ಆ ದಪ್ಪ ಗೋಡೆಯಲ್ಲಿ ಇನ್ನೊಂದು ವಿಚಿತ್ರ ಇತ್ತು. ಎದೆಯ ಮಟ್ಟದಲ್ಲಿ ಯಾರೋ ಹಾರೆಯಿಂದ ಅಗೆದು ಅರ್ಧಕ್ಕೇ ಬಿಟ್ಟಿದ್ದರು. ಅದರ ಮೇಲಿನ ಕಮಾನಿನಲ್ಲಿ ಒಂದು ಬಿರುಕು ಓಡಿತ್ತು.

"ಇದೆಂತ ದಿನೇಶಣ್ಣ?"

"ನಿಧಿ ಹುಡುಕಿದ್ದಿರ್ಬೇಕು. ಇಲ್ಲಿಯೋರಿಗೆ ಕಲ್ಲು ಕಂಡ್ರೆ ಸಾಕಲ್ಲ."

ಮರಳುವಾಗ ದೋಣಿಯಲ್ಲಿ ಅವಳು ಸಹಜವಾಗಿಯೇ ಹೇಳಿದಳು: "ನಮ್ಮಜ್ಜ ಇಲ್ಲಿ ದೀಪ ಹಚ್ತಾ ಇದ್ರು. ಬೆಳ್ಳಪ್ಪ ಅಂತ."

ದಿನೇಶ್ ಮೋಟಾರು ನಿಲ್ಲಿಸಿದ. ದೋಣಿ ಸುಮ್ಮನೆ ತೇಲಿತು.

"ನೀವು ಬೆಳ್ಳಪ್ಪನ ಮೊಮ್ಮಗಳಾ? ಕೆರಿಯಮ್ಮನ ಮನೆಯೋರಾ?"

"ಹೌದು. ನಿಮಗೆ ಗೊತ್ತಾ?"

"ಗೊತ್ತಿಲ್ದೆ ಎಂತ. ನಮ್ಮಜ್ಜನ ತಂಗಿ ಆಗ್ಬೇಕು ಅವ್ರು. ನಮ್ಮಜ್ಜ ಹುಲಿಯಪ್ಪ." ಅವನು ಅವಳತ್ತ ನೋಡದೆ ನೀರಿನತ್ತ ನೋಡುತ್ತ ಹೇಳಿದ. "ನಿಮ್ಮಜ್ಜ ದೀಪ ಹಚ್ಚದೆ ಮಲಗಿದ್ದಕ್ಕೆ ನಮ್ಮಜ್ಜ ಇದೇ ನೀರಲ್ಲಿ ಹೋದ್ರು. ನಿಮ್ಮನೇಲಿ ಹೇಳಿಲ್ವಾ?"

ಅವಳಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಅಜ್ಜಿಗೆ ಒಬ್ಬ ಅಣ್ಣ ಇದ್ದ ಎಂಬುದೇ ಗೊತ್ತಿರಲಿಲ್ಲ. ದಿನೇಶ್ ಮತ್ತೆ ಮೋಟಾರು ಚಾಲೂ ಮಾಡಿದ. ಇಬ್ಬರೂ ದಡ ತಲುಪಿದರು. ಇಳಿಯುವಾಗ ಅವನು ಕೈಯಾಸರೆ ಕೊಟ್ಟ, ಆದರೆ ನಾಳೆ ಎಷ್ಟು ಹೊತ್ತಿಗೆ ಎಂದು ಕೇಳಲಿಲ್ಲ.

ಮನೆಗೆ ಬಂದವಳೇ ಅಜ್ಜಿಯ ಮುಂದೆ ಕೂತಳು. ಕೆರಿಯಮ್ಮ ಹಿತ್ತಲ ಕಟ್ಟೆಯಲ್ಲಿ ಬಸಳೆ ಸೊಪ್ಪು ಬಿಡಿಸುತ್ತಿದ್ದಳು.

"ಅಜ್ಜಿ, ನಿಂಗೆ ಹುಲಿಯಪ್ಪ ಅಂತ ಅಣ್ಣ ಇದ್ರಾ?"

ಬಸಳೆ ಬಿಡಿಸುತ್ತಿದ್ದ ಕೈ ನಿಂತಿತು. "ಯಾರು ಹೇಳಿದ್ದು?"

"ದೋಣಿ ದಿನೇಶಣ್ಣ. ಅವರ ಮೊಮ್ಮಗನಂತೆ."

"ದಿನೇಶ ನಿಂಗೆ ಅಣ್ಣ ಅಲ್ಲ ಕಣೇ. ಭಾವ ಆಗ್ಬೇಕು" ಎಂದಳು ಕೆರಿಯಮ್ಮ.   ಆಮೇಲೆ ಮುದುಕಿ ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿ ಹೇಳತೊಡಗಿದಳು.

ಬೆಳ್ಳಪ್ಪ ದೀಪ ಹಚ್ಚುತ್ತಿದ್ದ ಕಾಲ, ಭೂಮಿ ಹುಣ್ಣಿಮೆ ಹತ್ತಿರ ಬಂದಿತ್ತು. ಕೆರಿಯಮ್ಮನ ಮನೆ ಆಗ ಮೂಡಣ ದಡದಲ್ಲಿ, ತವರು ಪಡುವಣ ದಡದ ಸಂಪಿಗೆಜಡ್ಡಿನಲ್ಲಿ. ಹಬ್ಬಕ್ಕೆ ತಂಗಿಯನ್ನು ಕರೆದೊಯ್ಯಲು ಅಣ್ಣ ಹುಲಿಯಪ್ಪ ಸಂಜೆ ಮುಂದೆ ದೋಣಿ ಹಾಕಿಕೊಂಡು ಹೊರಟ. ಮೋಡ ಕವಿದು ಬೇಗ ಕತ್ತಲಾಯಿತು. ಬತ್ತೇರಿ ದೀಪ ನೋಡಿಕೊಂಡು ಅದರ ಬಡಗಣ ಮಗ್ಗುಲಿನಿಂದ ಸುತ್ತಿ ಬರಬೇಕು. ತೆಂಕಣ ಮಗ್ಗುಲಲ್ಲಿ ಮುಳುಗಿದ ಕಾಡಿನ ಮರದ ಬೊಡ್ಡೆಗಳು ನೀರಿನ ಕೆಳಗೇ ನಿಂತಿದ್ದವು. ಹುಲಿಯಪ್ಪನ ದೋಣಿ ಆ ಬೊಡ್ಡೆಗಳ ಮೇಲೆ ಹೋಗಿ ಒಡೆಯಿತು.

"ನಂ ಅತ್ಗೆ ಬಂಗಾರಮ್ಮ ದಡದಲ್ಲೇ ನಿಂತಿದ್ಲು. ಕತ್ಲಾದ್ರೂ ದೀಪ ಹತ್ತಲೇ ಇಲ್ಲ ಅಂದ್ಲು. ಕಣ್ಣಾರೆ ಕಂಡೋಳು. ಅವಳ್ಯಾಕೆ ಸುಳ್ಳು ಹೇಳ್ತಾಳೆ?"

"ಅಜ್ಜ ಎಂತ ಅಂದ್ರು?"

"ಹಚ್ಚಿದೀನಿ ಅಂದ್ರು. ದೇವರಾಣೆ ಹಚ್ಚಿದೀನಿ ಅಂದ್ರು. ದೀಪ ಮಾಡಿಸಿದ ಗೌಡ್ರೂ ಬಂದು, ನಮ್ಮ ದಡಕ್ಕೆ ದೀಪ ಕಂಡಿತ್ತು ಅಂದ್ರು. ಗೌಡ್ರು ತಮ್ಮ ಕೆಲ್ಸದೋನ ಪರ ಮಾತಾಡ್ತಾರೆ ಅಂದ್ರು ಆಚೆ ದಡದೋರು." ಕೆರಿಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ಮನೆ ಆವಾಗ ಒಂದು ಗುಡ್ಡದ ಮರೇಲಿತ್ತು. ನಂಗೆ ದೀಪ ಕಾಣ್ತಿರ್ಲಿಲ್ಲ. ಆಗೊಮ್ಮೆ ಈಗೊಮ್ಮೆ ಕುಡೀತಿದ್ರು ಅವ್ರು. ನಾನೂ ನಂಬ್ಲಿಲ್ಲ ಮಗಾ."

"ಆಮೇಲೆ?"

"ಆಮೇಲೆಂತ. ಅವ್ರು ಮತ್ತೆ ಆ ಗುಡ್ಡಕ್ಕೆ ಕಾಲಿಡ್ಲಿಲ್ಲ. ದೀಪಾನೂ ನಿಂತೋತು. ತವರಿಂದ ನಂಗೆ ಕರೆಯೋರು ಯಾರೂ ಬರ್ಲಿಲ್ಲ. ಸಾಯೋವಾಗ್ಲೂ ಅಂದ್ರು, ಕೆರಿಯಾ, ಹಚ್ಚಿದ್ದೆ ಕಣೇ ಅಂತ. ನಾ ಹೂಂ ಅಂದೆ. ಸಾಯೋರಿಗೆ ಇಲ್ಲ ಅನ್ನಕ್ಕಾತದಾ?"

ಫಲಕಕ್ಕೆ ಬರೆದಿಟ್ಟ ಸಾಲುಗಳನ್ನು ಆ ರಾತ್ರಿ ಸುಷ್ಮಾ ಓದಿ ನೋಡಿದಳು. ಒಂದು ಮಾತೂ ಈಗ ಗಟ್ಟಿಯಾಗಿ ನಿಲ್ಲುವಂತಿರಲಿಲ್ಲ. ಮುಕುಂದಯ್ಯನವರ ತಂದೆ ಕಟ್ಟಿಸಿದ್ದೆಂದರೆ ಬಂದೂಕಿನ ಕಿಂಡಿ ಯಾಕಿದೆ? ಅಜ್ಜ ದೀಪ ಹಚ್ಚಿದ್ದನೆಂದರೆ ಬಂಗಾರಮ್ಮ ಕಂಡದ್ದೇನು? ಹಚ್ಚಿರಲಿಲ್ಲವೆಂದರೆ ಸಾಯುವ ಹೊತ್ತಿನಲ್ಲಿ ಆ ಮಾತು ಯಾಕೆ?

ಬೆಳಗ್ಗೆ ಅವಳು ಸಾಗರದ ಕಾಲೇಜೊಂದರಲ್ಲಿ ಹಿಂದೆ ಇತಿಹಾಸ ಕಲಿಸುತ್ತಿದ್ದ ವಿಶಾಲಮ್ಮನವರಿಗೆ ಫೋನು ಮಾಡಿ ಗೋಪುರದ ಚಿತ್ರಗಳನ್ನು ಕಳಿಸಿದಳು. ಅವರು ನಕ್ಕರು. "ಬತ್ತೇರಿ ಅಂದ್ರೆ ಕಾವಲು ಬುರುಜು ಕಣಮ್ಮ. ಬತ್ತಿಯೂ ಅಲ್ಲ, ಬ್ಯಾಟ್ರಿ ದೀಪವೂ ಅಲ್ಲ. ಇದು ನಾಯಕರ ಕಾಲದ್ದೋ ಅದಕ್ಕೂ ಈಚಿನದ್ದೋ ಹೇಳೋದು ಕಷ್ಟ. ಆದ್ರೆ ನೀರು ಬರೋಕೆ ಎಷ್ಟೋ ಮೊದಲಿಂದು. ಆವಾಗ ಅದು ಗುಡ್ಡ, ಕೆಳಗೆ ಕಣಿವೆ ದಾರಿ. ದಾರಿ ಕಾಯಕ್ಕೆ ಕಟ್ಟಿದ್ದು."

"ಹಾಗಾದ್ರೆ ಒಂದು ಕಡೆ ಕಿಂಡಿ ಇಲ್ದೆ ಗೋಡೆ ಯಾಕೆ ಬಿಟ್ಟಿದಾರೆ?"

"ಆ ಕಡೆ ಯಾರೂ ಹತ್ತಕ್ಕಾಗದಷ್ಟು ಕಡಿದಾಗಿ ಇದ್ದಿರಬಹುದು. ನೋಡೋ ಅಗತ್ಯ ಇಲ್ದೆ ಇದ್ದಲ್ಲಿ ಮೆಟ್ಟಿಲು ಇಟ್ಟಿರ್ತಾರೆ."

ಒಂದು ಗಂಟು ಬಿಚ್ಚಿತು. ಹಳೆಯ ಬುರುಜಿಗೆ ಮುಕುಂದಯ್ಯನವರ ತಂದೆ ಗಾಜು ಹಾಕಿಸಿ, ಸುಣ್ಣ ಬಳಿಸಿ, ದೀಪದ ಗೋಪುರ ಮಾಡಿದ್ದರು. ಆದರೆ ಅಜ್ಜನ ವಿಷಯ ಅವಳಿಗೆ ಇನ್ನಷ್ಟು ಕಗ್ಗಂಟಾಯಿತು. ಕಲ್ಲು ನೋಡಿ ಕಟ್ಟಡದ ವಯಸ್ಸು ಹೇಳಬಹುದು. ಒಂದು ಸಂಜೆ ದೀಪ ಉರಿದಿತ್ತೋ ಇಲ್ಲವೋ ಎಂದು ಯಾವ ಕಲ್ಲು ಹೇಳುತ್ತದೆ?

ದಿನೇಶ್ ಬರಲಾರನೆಂದುಕೊಂಡಿದ್ದಳು. ಆದರೆ ಅವಳು ಹೊಳೆಬಾಗಿಲಿಗೆ ಹೋದಾಗ ಅವನು ದೋಣಿಯಲ್ಲೇ ಕೂತಿದ್ದ. "ಒಪ್ಪಿಕೊಂಡ ಕೆಲ್ಸ" ಎಂದಷ್ಟೇ ಅಂದ. ಅಳತೆ ಟೇಪಿನ ಇನ್ನೊಂದು ತುದಿಯನ್ನು ಹಿಡಿದುಕೊಟ್ಟ. ಮಧ್ಯಾಹ್ನ ಅವಳು ತಂದ ಚಿತ್ರಾನ್ನವನ್ನು ಬೇಡವೆಂದು ತನ್ನ ಬುತ್ತಿಯನ್ನೇ ಬಿಚ್ಚಿದ. ಸಂಜೆಯ ಹೊತ್ತಿಗೆ ಮೋಡ ಮುಚ್ಚಿಕೊಂಡು ಬಂತು.

"ಮನೆಗೆ ಹೋಗಿ ಪೆಟ್ರೋಲ್ ತಗಂಡು ಬರ್ತೀನಿ. ಇಲ್ಲಾಂದ್ರೆ ಆಚೆ ದಡ ಮುಟ್ಟಲ್ಲ. ನೀವು ಬರ್ತೀರಾ, ಇಲ್ಲೇ ಇರ್ತೀರಾ?"

ಮೇಲಿನ ಕೋಣೆಯ ಅಳತೆ ಇನ್ನೂ ಉಳಿದಿತ್ತು. "ಇರ್ತೀನಿ" ಎಂದಳು ಸುಷ್ಮಾ. "ಕತ್ತಲಾದ್ರೆ ದೀಪ ಇದೆ."

ಅವಳು ತಂದಿದ್ದು ದೊಡ್ಡ ಚಾರ್ಜಿಂಗ್ ದೀಪ. ದೋಣಿ ಹೋದ ಮೇಲೆ ಅದನ್ನು ಆ ಕಬ್ಬಿಣದ ಬಳೆಗೆ ಕಟ್ಟಿದಳು. ಕೋಣೆ ಬೆಳಗಿತು. ಗಾಜುಗಳ ಹೊರಗೆ ನೀರು ಬೂದಿಯ ಬಣ್ಣಕ್ಕೆ ತಿರುಗಿ, ಗುಡ್ಡಗಳು ಒಂದೊಂದಾಗಿ ಕಪ್ಪಾದವು. ಅವಳು ಕಿಟಕಿಗಳ ಅಗಲ ಅಳೆದು, ದಪ್ಪ ಗೋಡೆಯ ಉದ್ದ ಅಳೆಯುತ್ತಿದ್ದಾಗ ಫೋನು ಬಂತು.

"ದೀಪ ಯಾಕೆ ಆರಿಸಿದಿರಿ?" ದಿನೇಶನ ದನಿ ಗಡಸಾಗಿತ್ತು. ಹಿಂದೆ ಮೋಟಾರಿನ ಸದ್ದು.

ಸುಷ್ಮಾ ತಲೆಯೆತ್ತಿ ನೋಡಿದಳು. ದೀಪ ಉರಿಯುತ್ತಿತ್ತು. "ಆರಿಸಿಲ್ವಲ್ಲ."

"ತಮಾಷೆ ಬೇಡ ಮೇಡಂ. ನಾನು ನೀರಿಗೆ ಬಂದಾಗಿದೆ. ಒಂದು ಚುಕ್ಕಿ ಬೆಳಕೂ ಇಲ್ಲ. ಎದುರಿಗೆ ಯಾವ ಗುಡ್ಡ ಅಂತ್ಲೇ ತಿಳೀತಿಲ್ಲ."

"ದಿನೇಶಣ್ಣ, ದೀಪ ನನ್ನ ಕಣ್ಣೆದುರಿಗೇ ಇದೆ. ಉರೀತಾ ಇದೆ."

"ಸುಳ್ಳು ಯಾಕೆ ಹೇಳ್ತೀರಿ? ನಿಮ್ಮನೆಯೋರ ಹಳೇ ಚಾಳಿ ಇದು!" ಎಂದು ಅವನು ಕೂಗಿದ. ಕೂಗಿದ್ದಕ್ಕೆ ಅವನಿಗೇ ಕಸಿವಿಸಿಯಾಗಿರಬೇಕು. ಆಮೇಲೆ ಮೋಟಾರಿನ ಸದ್ದಷ್ಟೇ ಕೇಳಿತು.

 ಸುಷ್ಮಾಗೆ ತನ್ನ ಕಣ್ಣಿನ ಮೇಲೆಯೇ ಅನುಮಾನ ಬಂತು. ಹೋಗಿ ದೀಪವನ್ನು ಮುಟ್ಟಿದಳು. ಬಿಸಿಯಾಗಿತ್ತು. ಕಿಟಕಿಯಿಂದ ಕಿಟಕಿಗೆ ಓಡಿ ದೋಣಿಯ ಬೆಳಕು ಹುಡುಕಿದಳು. ಯಾವ ಕಿಟಕಿಯಲ್ಲೂ ಅದು ಕಾಣಲಿಲ್ಲ. ಅವನ ಕೈಯಲ್ಲಿ ಟಾರ್ಚ್ ಇರುವುದು ಅವಳಿಗೆ ಗೊತ್ತಿತ್ತು. ಅವನಿಗೆ ಇವಳ ದೀಪ ಕಾಣುತ್ತಿಲ್ಲ, ಇವಳಿಗೆ ಅವನ ಟಾರ್ಚ್ ಕಾಣುತ್ತಿಲ್ಲ. ಅವಳು ನಡುಕೋಣೆಯಲ್ಲಿ ನಿಂತು ಸುತ್ತ ತಿರುಗಿದಳು. ಕಿಟಕಿ, ಕಿಟಕಿ, ಕಿಟಕಿ, ಗೋಡೆ.

"ಮೋಟಾರು ನಿಲ್ಸಿ! ಮುಂದೆ ಬರ್ಬೇಡಿ!" ಎಂದು ಫೋನಿಗೆ ಕಿರುಚಿದಳು. "ಬೊಡ್ಡೆಗಳ ಕಡೆ ಇರಬಹುದು ನೀವು. ಎಲ್ಲಿಂದ ಹೊರಟ್ರಿ?"

"ಹಲಸಿನ ಮರದ ಹತ್ರದಿಂದ. ನೀರು ತುಂಬಿ ನಮ್ಮ ಮಾಮೂಲಿ ಇಳಿಯೋ ಜಾಗ ಮುಳುಗಿದೆ."

"ಮಾಮೂಲಿ ಜಾಗದ ಕಡೆ ತಿರುಗಿಸ್ಕೊಳ್ಳಿ. ದಡದ ಪಕ್ಕದಲ್ಲೇ, ನಿಧಾನಕ್ಕೆ. ಫೋನ್ ಇಡ್ಬೇಡಿ."

ಅವನು ಏನೋ ಗೊಣಗಿದ. ಆದರೂ ತಿರುಗಿಸಿದ. ಸುಷ್ಮಾ ದಪ್ಪ ಗೋಡೆಯ ಅಂಚಿಗೆ ಹೊಂದಿಕೊಂಡ ಕಿಟಕಿಯ ಗಾಜಿಗೆ ಹಣೆ ಒತ್ತಿ ನಿಂತಳು. ಬಹಳ ಹೊತ್ತು ಹೊರಗೆ ಕತ್ತಲಷ್ಟೇ ಇತ್ತು. ಆಮೇಲೆ ಗೋಡೆಯಂಚಿನಿಂದ ಮಿಣುಕು ಬೆಳಕೊಂದು ಹೊರಗೆ ಸರಿಯಿತು. ಅದೇ ಗಳಿಗೆಯಲ್ಲಿ ಫೋನಿನಲ್ಲಿ ಅವನ ದನಿ ಬಂತು.

"ಕಂಡ್ತು. ಈಗ ಹಚ್ಚಿದ್ರಾ?"

"ಇಲ್ಲ. ಆವಾಗಿಂದ ಉರೀತಾನೇ ಇದೆ. ವಾಪಸ್ ಹೋಗಿ ನೋಡಿ. ಹಲಸಿನ ಮರದ ಕಡೆಗೆ."

ಅವನು ಹೋದ. ಬೆಳಕು ಗೋಡೆಯ ಮರೆಗೆ ಸರಿದು ಇಲ್ಲವಾಯಿತು. "ಹೋತು" ಎಂದ ದಿನೇಶ್. ಮತ್ತೆ ಈಚೆ ಬಂದ. "ಬಂತು." ಹೀಗೆ ಅವನು ಹೋಗಿ ಬಂದು, ಹೋಗಿ ಬಂದು ಮಾಡಿದ. ಅವನಿಗೆ ನಂಬಿಕೆಯೇ ಬರುತ್ತಿರಲಿಲ್ಲ. ಕೊನೆಗೆ ಗುಡ್ಡಕ್ಕೆ ಬಂದು, ಮೆಟ್ಟಿಲು ಹತ್ತಿ ಮೇಲೆ ಬಂದು, ಆ ಗೋಡೆಯ ಮೇಲೆ ಅಂಗೈಯಿಟ್ಟು ನಿಂತ.

"ನಮ್ಮಜ್ಜಿ ಯಾವಾಗ್ಲೂ ಒಂದು ಮಾತು ಹೇಳ್ತಾಳೆ," ಎಂದ ನಿಧಾನವಾಗಿ. "ಆ ವರ್ಷ ಹೊಳೆ ಹಿಂದೆಂದೂ ಬರದಷ್ಟು ಏರಿತ್ತಂತೆ. ಇಳಿಯೋ ಜಾಗ ಮುಳುಗಿ, ಅಜ್ಜ ಹೊಸ ಕಡೆಯಿಂದ ದೋಣಿ ಹಾಕಿದ್ರಂತೆ. ಅವಳು ಅಲ್ಲೇ ನಿಂತಿದ್ಲು."

"ಹಲಸಿನ ಮರದ ಹತ್ರ."

"ಹೂಂ." ಅವನು ದೀಪವನ್ನೂ ಗೋಡೆಯನ್ನೂ ಸರದಿಯಲ್ಲಿ ನೋಡಿದ. "ಹಂಗಾದ್ರೆ ದೀಪ ಇತ್ತಾ?"

"ಇತ್ತು ಅನ್ಸುತ್ತೆ. ನಿಮ್ಮಜ್ಜಿಗೆ ಕಾಣ್ಲಿಲ್ಲ ಅನ್ನೋದೂ ನಿಜ."

"ಎರಡೂ ಹೆಂಗೆ ನಿಜ ಆಗ್ತದೆ ಮಾರಾಯ್ತಿ?" ಎಂದು ಅವನು ಕೇಳಿದ. ಅವಳನ್ನು ಮೇಡಂ ಅನ್ನದೆ ಮಾತಾಡಿದ್ದು ಅದೇ ಮೊದಲು. ಅವಳು ನಕ್ಷೆಯ ಹಾಳೆ ಬಿಡಿಸಿ, ದೀಪದ ಜಾಗದಿಂದ ಗೋಡೆಯ ಎರಡು ಅಂಚುಗಳನ್ನು ಮುಟ್ಟುವ ಎರಡು ಗೆರೆ ಎಳೆದು ತೋರಿಸಿದಳು. ಗೆರೆಗಳ ನಡುವಿನ ನೀರೆಲ್ಲ ಕತ್ತಲೆ. ಹಲಸಿನ ಮರವೂ ಅದರೊಳಗೆ, ಬೊಡ್ಡೆಗಳೂ ಅದರೊಳಗೆ. ದಿನೇಶ್ ಆ ಹಾಳೆಯನ್ನು ಬಹಳ ಹೊತ್ತು ನೋಡಿದ.  ಮರಳಿ ಬಂದು ದಡದಲ್ಲಿ ಇಳಿಸುವಾಗ, "ಆವಾಗ ಅಂದಿದ್ದಕ್ಕೆ ಬೇಜಾರ್ ಮಾಡ್ಕಬೇಡ" ಎಂದ.

ಮರುವಾರ ಮುಕುಂದಯ್ಯನವರನ್ನು ಕಾಣಲು ಸುಷ್ಮಾ ತೀರ್ಥಹಳ್ಳಿಗೆ ಹೋದಳು. ಬುರುಜು ಹಳೆಯದು, ತಂದೆಯವರು ಅದನ್ನು ದೀಪಕ್ಕಾಗಿ ಬದಲಾಯಿಸಿದ್ದು ಎಂದಾಗ ಅವರ ಮುಖ ಚಿಕ್ಕದಾಯಿತು. "ಅಪ್ಪಯ್ಯನೇ ಕಟ್ಟಿಸಿದ್ದು ಅಂತ ನಾನು ಎಷ್ಟು ಜನಕ್ಕೆ ಹೇಳಿದೀನಿ" ಎಂದರು. ಆಮೇಲೆ ಅವಳು ಗೋಡೆಯ ವಿಷಯವನ್ನೂ ಹುಲಿಯಪ್ಪನ ಸಾವಿನ ವಿಷಯವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಆ ಗೋಡೇಲಿ ಅಗೆದ ಗುರುತು ಇದೆಯಾ?"

"ಇದೆ ಸರ್. ನಿಧಿ ಹುಡುಕಿದ್ದು ಅಂತಾರೆ."

"ನಿಧಿ ಅಲ್ಲ. ಅಗೆಸಿದ್ದು ನಮ್ಮ ಅಪ್ಪಯ್ಯನೇ." ಅವರ ದನಿ ತಗ್ಗಿತು. "ನಾನಾಗ ಹುಡುಗ. ಆ ಸಾವಾಗಿ ಸ್ವಲ್ಪ ದಿನಕ್ಕೆ ಆಳು ಕರ್ಕಂಡು ಹೋಗಿ ಗೋಡೆ ಒಡೆಸೋಕೆ ಶುರು ಮಾಡಿದ್ರು. ಮೇಲಿನ ಕಮಾನು ಬಿರುಕು ಬಿಡ್ತು. ಪೂರ್ತಿ ಬಿದ್ದೋಗುತ್ತೆ ಅಂತ ನಿಲ್ಸಿದ್ರು. ಯಾಕೆ ಒಡೆಸಿದ್ರಿ ಅಂತ ಅವ್ವ ಕೇಳಿದ್ರೆ ಉತ್ತರ ಕೊಡ್ಲಿಲ್ಲ. ಇಷ್ಟು ವರ್ಷ ನಂಗೂ ಅರ್ಥ ಆಗಿರ್ಲಿಲ್ಲ."

 ಒಳಗಿನಿಂದ ಅವರ ಹೆಂಡತಿ ಸರೋಜಮ್ಮ ಕಾಫಿ ತಂದಿಟ್ಟು ಹೋದರು.

"ಅವರಿಗೆ ಗೊತ್ತಾಗಿತ್ತು ಅಂತಾಯ್ತಲ್ಲ" ಎಂದರು ಮುಕುಂದಯ್ಯ. "ಗೊತ್ತಾದ ಮೇಲೆ ಬೆಳ್ಳಪ್ಪಂಗೆ ಯಾಕೆ ಹೇಳ್ಲಿಲ್ಲ? ಊರ ಮುಂದೆ ಯಾಕೆ ಹೇಳ್ಲಿಲ್ಲ? ತಾವು ಮಾಡಿಸಿದ ದೀಪದ್ದೇ ತಪ್ಪು ಅಂತಾಗುತ್ತೆ ಅಂತ ಹೆದರಿದ್ರಾ? ಇಲ್ಲ, ಅನುಮಾನ ಮಾತ್ರ ಇತ್ತಾ? ಅಪ್ಪಯ್ಯ ಅಂಥೋರಲ್ಲ ಅಂತ ಅನ್ಸುತ್ತೆ, ಆದ್ರೆ ಗೋಡೆ ಅಗೆದಿದ್ದು ಅವರೇ. ನಂಗೊಂದೂ ತಿಳೀತಿಲ್ಲಮ್ಮ."

 ಸುಷ್ಮಾ ಅವರನ್ನು ದೂರಬೇಕೋ ಸಮಾಧಾನ ಮಾಡಬೇಕೋ ಎಂದು ಗೊತ್ತಾಗದೆ ಕಾಫಿ ಕುಡಿದಳು.

ಹೊರಡುವಾಗ ಮುಕುಂದಯ್ಯ ಗೇಟಿನವರೆಗೆ ಬಂದರು. "ಫಲಕದಲ್ಲಿ ಇದ್ದದ್ದು ಇದ್ದ ಹಾಗೇ ಬರಿ. ಬುರುಜು ಹಳೇದು, ದೀಪ ಅಪ್ಪಯ್ಯನ ಕಾಲದ್ದು, ಹಚ್ಚುತ್ತಿದ್ದದ್ದು ಬೆಳ್ಳಪ್ಪ. ಗೋಡೆಯ ಮರೆಗೆ ಬೆಳಕು ಬೀಳ್ತಿರ್ಲಿಲ್ಲ ಅನ್ನೋದನ್ನೂ ಹಾಕು. ಸಮಿತಿಯೋರಿಗೆ ನಾನು ಹೇಳ್ಕತೀನಿ."

ಕೆರಿಯಮ್ಮನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಸುಷ್ಮಾ ಒಂದು ಪಾತ್ರೆಯನ್ನು ದೀಪದ ಪಕ್ಕ ನಿಲ್ಲಿಸಿ, ನೆರಳು ಬಿದ್ದ ಕಡೆ ಅಜ್ಜಿಯ ಕೈ ಹಿಡಿದು ತೋರಿಸಿದಳು. ಮುದುಕಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಅಳಲಿಲ್ಲ, ಹಗುರಾದಂತೆಯೂ ಕಾಣಲಿಲ್ಲ. ಎದ್ದು ಅಡುಗೆಮನೆಗೆ ಹೋದಳು, ಯಾಕೆ ಬಂದೆ ಎಂಬುದು ಮರೆತವಳಂತೆ ನಿಂತಳು, ಮತ್ತೆ ಹೊರಗೆ ಬಂದಳು.

"ಹಂಗಾದ್ರೆ ಅವ್ರು ನಿಜಾನೇ ಹೇಳಿದ್ದು."

"ಹೌದಜ್ಜಿ."

"ನಾನು ಹೂಂ ಅಂದಿದ್ದು ಅವ್ರಿಗೆ ಸುಳ್ಳು ಅಂತ ಗೊತ್ತಾಗಿತ್ತೇನೋ" ಎಂದಳು ಕೆರಿಯಮ್ಮ.  ಸುಷ್ಮಾ ಅಜ್ಜಿಯ ಪಕ್ಕ ಕೂತು ಅವಳ ಬೆನ್ನು ಸವರಿದಳು.

ಎರಡು ದಿನ ಮಾತು ಕಡಿಮೆ ಮಾಡಿದ್ದ ಕೆರಿಯಮ್ಮ, ಮೂರನೆಯ ದಿನ ಬೆಳಗ್ಗೆ ಒಳ್ಳೆಯ ಸೀರೆಯುಟ್ಟು ಜಗಲಿಯಲ್ಲಿ ಕೂತಿದ್ದಳು. "ಸಂಪಿಗೆಜಡ್ಡಿಗೆ ಕರ್ಕಂಡು ಹೋಗು" ಎಂದಳು. ಸುಷ್ಮಾ ದಿನೇಶನಿಗೆ ಫೋನು ಮಾಡಿದಳು. ಅವನು, "ಬನ್ನಿ. ಅಜ್ಜಿಗೆ ಹೇಳಿದೀನಿ. ಅವಳು ಎಂತ ಅಂತಾಳೋ ನಂಗೊತ್ತಿಲ್ಲ" ಎಂದ.

ಬಂಗಾರಮ್ಮ ಅಂಗಳದ ತುದಿಯಲ್ಲಿ ಕೋಲೂರಿ ನಿಂತಿದ್ದಳು. ಕೆರಿಯಮ್ಮನಿಗಿಂತ ದೊಡ್ಡವಳು, ಬೆನ್ನು ಬಾಗಿತ್ತು. ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ಗುರುತು ಹಿಡಿಯಲು ಹೊತ್ತು ತೆಗೆದುಕೊಂಡರು.

"ನಾನು ಸುಳ್ಳು ಹೇಳಿರ್ಲಿಲ್ಲ" ಎಂದಳು ಬಂಗಾರಮ್ಮ. ಅದೇ ಅವಳ ಮೊದಲ ಮಾತು.

"ಗೊತ್ತು ಅತ್ಗೆ. ಅವ್ರೂ ಹೇಳಿರ್ಲಿಲ್ಲ."

"ಹುಡ್ಗ ಎಲ್ಲ ಹೇಳಿದ. ಗೋಡೆ ಅಡ್ಡ ಬಂದಿತ್ತಂತೆ." ಬಂಗಾರಮ್ಮ ಕೋಲನ್ನು ನೆಲಕ್ಕೆ ಕುಟ್ಟಿದಳು.  "ಹಂಗಾದ್ರೆ ನಾನು ಇಷ್ಟು ವರ್ಷ ಯಾರನ್ನ ಬಯ್ದೆ? ದಿನಾ ಬೆಳಗ್ಗೆ ಎದ್ದು ಬಯ್ತಿದ್ದೆ ನಿನ್ನ ಗಂಡನ್ನ. ಇನ್ನು ಯಾರನ್ನ ಬಯ್ಯಲಿ? ಗೋಡೇನಾ?"

"ನಂಗೂ ತಿಳೀತಿಲ್ಲ ಅತ್ಗೆ. ನಾನೂ ಬಯ್ದಿದೀನಿ ಅವ್ರನ್ನ. ಎದುರಿಗೇ ಬಯ್ದಿದೀನಿ."

ಬಂಗಾರಮ್ಮ ಅವಳನ್ನು ದಿಟ್ಟಿಸಿದಳು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹಿಂದೆ ನಿಂತಿದ್ದ ದಿನೇಶ್ ಏನು ಮಾಡಬೇಕೆಂದು ತೋಚದೆ ಸುಷ್ಮಾಳ ಮುಖ ನೋಡಿದ. ಕೊನೆಗೆ ಬಂಗಾರಮ್ಮ ಕೋಲು ತಿರುಗಿಸಿಕೊಂಡು ಜಗಲಿಯ ಕಡೆ ನಡೆದಳು. ಮೆಟ್ಟಿಲ ಬಳಿ ಕಾಲು ತಡವರಿಸಿತು. ಕೆರಿಯಮ್ಮ ಮುಂದೆ ಹೋಗಿ ತೋಳು ಹಿಡಿದಳು. ಅವಳು ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ಜಗಲಿಯ ಮೇಲೆ ಅಕ್ಕಪಕ್ಕ ಕೂತರು. ಬಂಗಾರಮ್ಮ, ಅಂಗಳದ ತುಳಸಿಕಟ್ಟೆ ನೋಡುತ್ತ, "ನಿಂಗೆ ಮಂಡಿ ನೋವಾ?" ಎಂದು ಕೇಳಿದಳು.

"ಎರಡೂ ಮಂಡಿ."

"ನಂಗೆ ಎಡಗಡೇದು ಜಾಸ್ತಿ."

ದಿನೇಶನ ಹೆಂಡತಿ ಒಳಗೆ ಎಲೆ ಹಾಕಿದಳು. ಊಟವಾದ ಮೇಲೆ ಸುಷ್ಮಾ ಹೊರಡೋಣ ಎಂದಾಗ ಕೆರಿಯಮ್ಮ, "ನೀ ಹೋಗು. ನಾಳೆಯೋ ನಾಡಿದ್ದೋ ದಿನೇಶ ತಂದು ಬಿಡ್ತಾನೆ" ಎಂದಳು. ಅದು ತನ್ನ ಮನೆಯೇನೋ ಎಂಬಂತೆ ಯಾರನ್ನೂ ಕೇಳದೆ ಹಾಗೆ ಹೇಳಿದಳು.  ಬಂಗಾರಮ್ಮ ಎಲೆಯಡಿಕೆ ತಟ್ಟೆಯನ್ನು ನಾದಿನಿಯ ಕಡೆ ಸರಿಸಿದಳು.

ಸುಷ್ಮಾ ಒಬ್ಬಳೇ ಬಸ್ಸು ಹತ್ತಿದಳು. ಸೇತುವೆಯ ಮೇಲೆ ಬಸ್ಸು ಹೋಗುವಾಗ ಕಿಟಕಿಯಿಂದ ನೀರು ನೋಡಿದಳು. ಸಂತೋಷವಾಗಬೇಕಿತ್ತು. ಆಗಿತ್ತೋ ಇಲ್ಲವೋ ಅವಳಿಗೆ ಸರಿಯಾಗಿ ತಿಳಿಯಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸು, "ಸಿಗಂದೂರಿಗೆ ಹೋಗಿದ್ರಾ?" ಎಂದು ಕೇಳಿದಾಗ, "ಇಲ್ಲ, ನಮ್ಮಜ್ಜಿಯ ತವರಿಗೆ" ಎಂದಳು. ಹಾಗೆ ಹೇಳಿದ್ದು ಬದುಕಿನಲ್ಲಿ ಅದೇ ಮೊದಲ ಸಲ ಎಂಬುದು ಹೇಳಿದ ಮೇಲೆ ಹೊಳೆಯಿತು.